ಒಳಚಿಲಕವಿದ್ದ ಗಾಡಿ

ನಮ್ಮವ್ವ ಮನೆಯಿಂದ ಹೊರಗೆ ಕಾಲಿಟ್ಟಳೆಂದರೆ ನೀರು ಮುಟ್ಟುವುದಿಲ್ಲ. ಅದು ವ್ರತವೂ ಅಲ್ಲ, ಹರಕೆಯೂ ಅಲ್ಲ. ಗೋವಾದ ಬೀಚಿನಲ್ಲಿ ಮಣಿಸರ, ಕಸೂತಿ ಚೀಲ, ಕನ್ನಡಿ ಹಚ್ಚಿದ ದಿಂಬಿನ ಗವಸು ಮಾರುವ ನಮ್ಮ ಕಡೆಯ ಹೆಂಗಸರೆಲ್ಲರ ಅಭ್ಯಾಸ. ಬೆಳಗ್ಗೆ ಝುವಾರಿನಗರದ ಬಾಡಿಗೆ ಖೋಲಿಯಲ್ಲಿ ಅರ್ಧ ಕಪ್ ಚಹಾ ಕುಡಿದರೆ ಮುಗಿಯಿತು. ಆಮೇಲೆ ಬಸ್ಸು, ಮರಳು, ಬಿಸಿಲು, ಮತ್ತೆ ಬಸ್ಸು. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆಯೇ ತಂಬಿಗೆಗೆ ಕೈ ಹಾಕುವುದು.

ಯಾಕೆ ಎಂದು ಬಿಡಿಸಿ ಹೇಳಬೇಕೆ? ಹೇಳಿಯೇಬಿಡುತ್ತೇನೆ, ನನಗೆ ಈ ವಿಷಯದಲ್ಲಿ ನಾಚಿಕೆಗಿಂತ ಸಿಟ್ಟೇ ಜಾಸ್ತಿ. ನೀರು ಕುಡಿದರೆ ಹೋಗಬೇಕಾಗುತ್ತದೆ. ಹೋಗಲು ಜಾಗವಿಲ್ಲ. ಶ್ಯಾಕ್ ಎನ್ನುವ ಬೀಚಿನ ಹೋಟೆಲಿನವರ ಸಂಡಾಸಿನ ಬಾಗಿಲು ಅವರ ಗಿರಾಕಿಗಳಿಗೆ. ದುಡ್ಡು ಕೊಟ್ಟು ಹೋಗುವ ಕಟ್ಟಡ ಬಸ್ಸು ನಿಲ್ಲುವಲ್ಲಿ ಇದೆ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಮಾಲಿನ ಗಂಟು ಕಾಯುವವರು ಯಾರು? ಗಂಡಸರು ಗಾಳಿಮರದ ಹಿಂದೆ ಹೋಗಿ ಸಿಳ್ಳೆ ಹಾಕುತ್ತಾ ಬರುತ್ತಾರೆ. ನಾವು ಬಾಯಿ ಕಟ್ಟಿಕೊಂಡು ಕೂರುತ್ತೇವೆ. ನಾನೂ ಅವ್ವನ ಜೊತೆ ಬೀಚಿಗೆ ಹೋಗತೊಡಗಿದ ದಿನದಿಂದ ಹಾಗೇ ಕೂತಿದ್ದೇನೆ.

ಕಳೆದ ಮಳೆಗಾಲದಲ್ಲಿ ಅವ್ವನಿಗೆ ಉರಿಮೂತ್ರ ಶುರುವಾಗಿ, ಜ್ವರ ಏರಿ, ಮೈಯೆಲ್ಲ ನಡುಗಿ, ಆಸ್ಪತ್ರೆಗೆ ಹಾಕಬೇಕಾಯಿತು. ಮೊದಲ ಸಲವಲ್ಲ. ಡಾಕ್ಟರ್ ಬಾಯಿಯವರು ಈ ಸಲ ಮುಖ ಗಂಟು ಹಾಕಿಕೊಂಡೇ ಹೇಳಿದರು: ಇನ್ನೊಮ್ಮೆ ಹೀಗಾದರೆ ಮೂತ್ರಪಿಂಡ ಕೆಡುತ್ತದೆ, ಒಂದೋ ನೀರು ಕುಡಿಯಬೇಕು, ಇಲ್ಲವೇ ಬೀಚು ಬಿಡಬೇಕು. ಅವ್ವ ಎರಡಕ್ಕೂ ತಲೆಯಾಡಿಸಿದಳು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿದಳು, “ನೀರಽ ಬಿಟ್ಟೇನಿ ನಾ. ಬೀಚ್ ಹೆಂಗ ಬಿಡ್ಲಿ?”

ಬಿಡಲಾರಳು ಎಂದು ನನಗೂ ಗೊತ್ತಿತ್ತು. ಖೋಲಿಯಲ್ಲಿ ಕೂತರೆ ಅವ್ವ ಮೊಣಕಾಲು ನೋವಿನ ಮುದುಕಿ. ಬೀಚಿನಲ್ಲಿ ಅವಳು ಬೇರೆಯೇ. ಒಮ್ಮೆ ಬಂದು ಹೋದ ಪರದೇಶದ ಹೆಂಗಸರು ಮರುವರ್ಷ ಬೇರೆಯವರನ್ನೆಲ್ಲ ದಾಟಿ ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಯಾವ ಭಾಷೆಯೂ ಬಾರದೆ ಎಲ್ಲ ಭಾಷೆಯಲ್ಲೂ ಜಗಳ ಆಡುತ್ತಾಳೆ. ಅವಳಿಗೆ ಬೀಚು ಬಿಡಿಸುವ ಮಾತನ್ನು ನಾನಂತೂ ಎತ್ತುವವಳಲ್ಲ.

ಇಲ್ಲಿ ನನ್ನ ಗಂಡನ ಬಗ್ಗೆ ಒಂದು ಮಾತು. ಅವನು ಅವ್ವನ ಖಾಸಾ ತಮ್ಮ, ನನಗೆ ಸೋದರಮಾವ. ನಮ್ಮ ಕಡೆ ಇದು ಹೊಸದಲ್ಲ. ಅವನಿಗೆ ಅವ್ವ ಅತ್ತೆ ಆಗುವ ಮೊದಲು ಅಕ್ಕ, ಈಗಲೂ ಅಕ್ಕನೇ. ನಾನು ಚಿಕ್ಕಂದಿನಿಂದ “ಮಾಮಾ” ಎಂದು ಏಕವಚನದಲ್ಲಿ ಕರೆದವಳು. ಮದುವೆಯಾದ ಮೇಲೆ ಬಹುವಚನ ನಾಲಿಗೆಗೆ ಹತ್ತಲೇ ಇಲ್ಲ. ಕುಂಕಳ್ಳಿಯ ಕಾರ್ಖಾನೆಗಳಿಂದ ಮಾಲು ಸಾಗಿಸುವ ಟೆಂಪೊ ಓಡಿಸುತ್ತಾನೆ. ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸುತ್ತೇನೆ.

ಅಂಥವನು ಒಂದು ಸಂಜೆ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ನನ್ನ ಮುಂದೆ ಫೋನು ಹಿಡಿದ. ಯಾರೋ ಡ್ರೈವರ್ ಕಳಿಸಿದ್ದ ವಿಡಿಯೊ. ಒಂದು ಹಳೆಯ ಮಿನಿಬಸ್ಸು. ಒಳಗೆ ಸೀಟುಗಳಿಲ್ಲ, ಬದಲಿಗೆ ಮಂಚ, ಗ್ಯಾಸಿನ ಒಲೆ, ಕೈ ತೊಳೆಯುವ ಬೋಸಿ, ಕಿಟಕಿಗೆ ಹಳದಿ ಹೂವಿನ ಪರದೆ. ಕೊನೆಗೆ, ಹಿಂದಿನ ಮೂಲೆಯಲ್ಲಿ ಒಂದು ಕಿರಿದಾದ ಬಾಗಿಲು. ಯಾರದೋ ಕೈ ಅದನ್ನು ತೆರೆಯಿತು. ಒಳಗೆ ಬೆಳ್ಳಗಿನ ಪುಟ್ಟ ಕಮೋಡು. ಕೈ ಬಾಗಿಲನ್ನು ಒಳಗಿನಿಂದ ಮುಚ್ಚಿ ಚಿಲಕ ಹಾಕಿತು. ಟಕ್.

ನಾನು ಆ “ಟಕ್” ಅನ್ನೇ ಮತ್ತೆ ಮತ್ತೆ ಹಾಕಿ ಕೇಳಿದೆ. “ಮಾಮಾ, ಇದು ನಮಗ ಬೇಕು,” ಎಂದೆ. “ಇದಽ ಬೇಕು.”

ಬೀಚಿನ ಹತ್ತಿರ ಗಾಡಿ ನಿಲ್ಲಿಸಲು ಜಾಗದ ಚಿಂತೆ ಇರಲಿಲ್ಲ. ಮರಳಿಗೆ ತಾಗಿದ ತೆಂಗಿನ ಹಿತ್ತಲೊಂದರ ಮಾಲಕಿ, ಒಬ್ಬ ಕ್ರಿಶ್ಚಿಯನ್ ಅಜ್ಜಿ, ಅವ್ವನಿಗೆ ಹಳೆಯ ಗೆಳತಿ. ಮಾಲು ಹರಡಿಕೊಂಡು ಅಲ್ಲೇ ಮಾರಿ, ಗೋಡೆ ಬಿದ್ದ ನಮ್ಮ ಹಳೆಯ ಸಂಡಾಸಿನ ಗುಂಡಿಗೆ ನಿಮ್ಮ ಪೈಪು ಬಿಟ್ಟುಕೊಳ್ಳಿ ಎಂದು ಅವರೇ ಹೇಳಿದರು. ಗಾಡಿ ಇದ್ದದ್ದು ಸಾಂಖಳಿಯಲ್ಲಿ. ಬೆಲೆ ಎಷ್ಟೆಂದು ನಾನು ಹೇಳುವುದಿಲ್ಲ; ಈಗಲೂ ಆ ಮಾತು ಬಂದರೆ ಅವ್ವ ಬೈಯುತ್ತಾಳೆ.

ನೋಡಲು ಹೋಗುವ ದಿನ ಗೊತ್ತುಮಾಡಿದ್ದು ಅವ್ವ: ಅಮಾವಾಸ್ಯೆ. ನಮ್ಮವರ ಲಾರಿ, ಟೆಂಪೊ, ರಿಕ್ಷಾ ಎಲ್ಲಕ್ಕೂ ಅಮಾವಾಸ್ಯೆಗೆ ಕಾಯಿ ಒಡೆದು ಗಾಲಿಗೆ ನಿಂಬೆಹಣ್ಣು ಇಡುವುದು ಇದ್ದೇ ಇದೆ. ಗಾಡಿಯ ಯಜಮಾನರು ಫೋನಿನಲ್ಲಿ, “ಅವತ್ತು ಅಮಾವಾಸ್ಯೆಯಲ್ಲವಾ, ಮರುದಿನ ಬನ್ನಿ,” ಎಂದರು. ಅವ್ವ ಫೋನು ಕಸಿದುಕೊಂಡು, “ಗಾಡಿ ಕೆಲಸಕ್ಕ ಅಮಾಸಿಗಿಂತ ಚಲೋ ದಿನ ಎಲ್ಲೈತ್ರೀ?” ಎಂದು ಅವರ ಬಾಯಿ ಮುಚ್ಚಿಸಿದಳು.

ಮಾಮ ಯಜಮಾನರಿಗೆ ಒಂದೇ ಒಂದು ವಿನಂತಿ ಮಾಡಿದ: ನಾವು ಬರುವ ತನಕ ಇಂಜಿನ್ ಚಾಲೂ ಮಾಡಬೇಡಿ. ಯಾಕೆಂದು ಕೇಳಿದೆ.

“ತಣ್ಣಗಿದ್ದಾಗ ಹೆಂಗ ಏಳ್ತೈತಿ ನೋಡ್ಬೇಕು. ಮೊದಲಽ ಬಿಸಿ ಮಾಡಿ ಇಟ್ರ ಎಲ್ಲಾ ಇಂಜಿನ್ನೂ ಶಾಣ್ಯಾ ಆಗ್ತಾವ.”

ನನಗೂ ಒಂದು ತಾಕೀತು ಬಂತು. “ಅಲ್ಲಿ ಹೋದಮ್ಯಾಲ ನೀ ಬಾಯಿ ಬಿಡಬ್ಯಾಡ. ಚಂದ ಐತಿ ಅಂತ ನಿನ್ನ ಬಾಯಿಂದ ಬಂತಂದ್ರ ರೇಟಿನ ಮಾತು ಮುಗೀತು.” ಆಣೆ ಮಾಡಿ ಒಪ್ಪಿಕೊಂಡೆ.

ಟೆಂಪೊದ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತು ಹೊರಟೆವು. ಅವ್ವ ತೊಡೆಯ ಮೇಲೆ ಪೂಜೆಯ ಚೀಲ ಇಟ್ಟುಕೊಂಡಿದ್ದಳು. ಝುವಾರಿ ಸೇತುವೆ ದಾಟುವಾಗ ಕಿಟಕಿಯಿಂದ ಗಾಳಿ ಹೊಡೆದು ನನ್ನ ಸೆರಗು ಮಾಮನ ಮುಖಕ್ಕೆ ಹಾರುತ್ತಿತ್ತು. ಅವನು ಬೈಯಲಿಲ್ಲ, ಅವನಿಗೂ ಒಳಗೊಳಗೆ ಖುಷಿ. ನಾನು ದಾರಿಯುದ್ದಕ್ಕೂ ಗಾಡಿಗೆ ಯಾವ ಬಣ್ಣ ಬಳಿಸಬೇಕು, ಚೀಲಗಳನ್ನು ಯಾವ ಬದಿಗೆ ತೂಗುಹಾಕಬೇಕು, ಚಹಾದ ಡಬ್ಬಿ ಎಲ್ಲಿಡಬೇಕು ಎಂದು ಹೇಳುತ್ತಲೇ ಇದ್ದೆ. ಅವ್ವ, “ಮೊದಲ ನೋಡೂಣು ತಡಿಯವ್ವಾ,” ಎನ್ನುತ್ತಿದ್ದಳು, ಆದರೆ ಬೇಡ ಎನ್ನುತ್ತಿರಲಿಲ್ಲ.

ಗೇಟು ತೆರೆದವರು ಹಣ್ಣುಗೂದಲಿನ ಎತ್ತರದ ಮನುಷ್ಯ. ಬೆಳಗಾವಿಯಲ್ಲಿ ಬಹಳ ವರ್ಷ ಬ್ಯಾಂಕಿನಲ್ಲಿ ಇದ್ದವರು, ಕನ್ನಡ ಚೆನ್ನಾಗಿಯೇ ಆಡುತ್ತಿದ್ದರು. ನಿವೃತ್ತರಾದ ಮೇಲೆ ಈ ಗಾಡಿ ಕಟ್ಟಿಸಿಕೊಂಡು ಹೆಂಡತಿಯ ಜೊತೆ ಕನ್ಯಾಕುಮಾರಿಯ ತನಕ ತಿರುಗಿದ್ದರಂತೆ. ಈಗ ಕಣ್ಣು ಮಂಜಾಗಿ ಓಡಿಸುವ ಹಾಗಿಲ್ಲ. ಗಾಡಿ ಕೊಡುವುದನ್ನು ನೋಡಲಾರೆ ಎಂದು ಹೆಂಡತಿ ಆ ದಿನ ಮಗಳ ಮನೆಗೆ ಹೋಗಿದ್ದರು. ಹಳದಿ ಹೂವಿನ ಪರದೆ ಅವರೇ ಹೊಲಿದದ್ದು.

ತಗಡಿನ ಚಪ್ಪರದ ಕೆಳಗೆ ಗಾಡಿ ನಿಂತಿತ್ತು. ಬಿಳಿ ಮೈ, ನಡುವೆ ನೀಲಿ ಪಟ್ಟಿ.

“ಅಯ್ಯಯ್ಯ, ಎಷ್ಟ್ ಚಂದ ಐತ್ರೀ ಕಾಕಾ!” ಎಂದೆ.

ಮಾಮ ಆಕಾಶ ನೋಡಿದ.

ಅವನು ಗಾಡಿಯನ್ನು ನೋಡುವ ರೀತಿಯೇ ಬೇರೆ. ಮೊದಲು ಗಾಡಿಯ ಕಡೆ ತಿರುಗಲೇ ಇಲ್ಲ, ಅದರ ಕೆಳಗಿನ ನೆಲ ನೋಡಿದ. ಎಣ್ಣೆಯ ಕಲೆ ಇದೆಯೇ ಎಂದು ಮಣ್ಣನ್ನು ಬೆರಳಿಗೆ ಹಚ್ಚಿ ಮೂಸಿದ. ಆಮೇಲೆ ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿ, ಟಾರ್ಚು ಬಿಟ್ಟು, ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ಕುಟ್ಟುತ್ತಾ ಹೋದ. ಸಮುದ್ರದ ಗಾಳಿ ತಿಂದ ಕಬ್ಬಿಣ ಬೇರೆ ದನಿ ಕೊಡುತ್ತದಂತೆ. ಸಾಂಖಳಿ ಸಮುದ್ರಕ್ಕೆ ದೂರವಾದ್ದರಿಂದ ದನಿ ಚಲೋ ಇದೆ ಎಂದು ಕೆಳಗಿನಿಂದಲೇ ಹೇಳಿದ. ಎದ್ದು ಬಂದು ಟಾಯರು ಸವರಿದ. ಗೆರೆಗಳು ಆಳವಾಗಿಯೇ ಇದ್ದವು. ನಾನು ಹಿಗ್ಗಿದೆ. ಅವನು ಟಾಯರಿನ ಪಕ್ಕೆಯಲ್ಲಿ ಕೊರೆದಿದ್ದ ವರ್ಷ ಓದಿ, ಸಣ್ಣ ಬಿರುಕುಗಳ ಮೇಲೆ ಉಗುರು ಎಳೆದು, “ನಿಂತಲ್ಲೇ ಮುದುಕ ಆಗ್ಯಾವು. ನಾಕೂ ಬದಲಿ ಮಾಡ್ಬೇಕು,” ಎಂದ. ಯಜಮಾನರು ಹೌದೆಂದು ತಲೆಯಾಡಿಸಿದರು.

ಒಳಗಿನ ಪರೀಕ್ಷೆ ಅವ್ವನದು. ಮೆಟ್ಟಿಲು ಎತ್ತರ, ನಾನೂ ಮಾಮನೂ ಎರಡು ಕಡೆ ಹಿಡಿದು ಹತ್ತಿಸಿದೆವು. “ಇಲ್ಲೊಂದು ಮೆಟ್ಟಲಾ ವೆಲ್ಡಿಂಗ್ ಮಾಡಸ್ತೇನಿ ಅಕ್ಕಾ,” ಎಂದ ಮಾಮ. ಒಳಗೆ ಹೋದವಳೇ ಅವ್ವ ಎಲ್ಲ ಕಿಟಕಿ ಮುಚ್ಚಿಸಿ, ಸುಮ್ಮನೆ ನಿಂತು ಮೂಗು ಅರಳಿಸಿದಳು. “ಒದ್ದಿ ಅರಿವಿ ವಾಸನಿ ಬರಾಕತ್ತೈತಿ.” ಆಮೇಲೆ ಗೋಡೆಯ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬಂದಳು, ಹೋಳಿಗೆಯ ಕಣಕ ನೆನೆದಿದೆಯೇ ಎಂದು ನೋಡುವ ಹಾಗೆ. ಮಂಚದ ಮೇಲಿನ ಕಿಟಕಿಯ ಪಕ್ಕ ಹೆಬ್ಬೆರಳು ಒಳಗೆ ಹೋಯಿತು.

ಯಜಮಾನರ ಮುಖ ಸಣ್ಣಗಾಯಿತು. ಹಿಂದೊಂದು ಮಳೆಗಾಲದಲ್ಲಿ ಅಲ್ಲಿ ಸೋರುತ್ತಿತ್ತು, ಈಗ ಬಂದೋಬಸ್ತು ಮಾಡಿಸಿದ್ದೇನೆ, ಹಲಗೆ ಬದಲಿಸುವುದು ಉಳಿಯಿತು ಎಂದರು. ಮಾಮ ತೋಟಕ್ಕೆ ನೀರು ಬಿಡುವ ಪೈಪು ಕೇಳಿ ತಂದು ಏಣಿ ಹತ್ತಿದ. ನನಗೆ ಒಣ ಪೇಪರು ಕೊಟ್ಟು ಮಂಚದ ಮೇಲೆ ಹಾಸಿ ಕಾಯಲು ಹೇಳಿದ. ಮೇಲೆ ನೀರು ಧೋ ಎಂದು ಬೀಳತೊಡಗಿತು. ನಾನು ಪೇಪರಿನ ಮೇಲೆಯೇ ಕಣ್ಣು ನೆಟ್ಟು, ನಮ್ಮೂರ ದೇವರನ್ನೆಲ್ಲ ನೆನೆಯುತ್ತಾ ಮೊಣಕಾಲೂರಿದ್ದೆ. ಅವನು ಕಿಟಕಿಯ ಸಂದು, ಛತ್ತಿನ ಸಂದು, ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಸಾವಕಾಶವಾಗಿ ನೀರು ಬಿಟ್ಟ. ಒಂದು ಹನಿ ಬೀಳಲಿಲ್ಲ.

“ಮಾಮಾ, ಬಿದ್ದಿಲ್ಲೋ! ಪೇಪರ್ ಒಣಗೈತೋ!” ಎಂದು ಪೇಪರು ಬೀಸುತ್ತಾ ಹೊರಗೆ ಓಡಿದೆ. ಅವನು ಏಣಿಯ ಮೇಲೆ ಒದ್ದೆಯಾಗಿ ನಿಂತು ಮೊದಲ ಸಲ ನಕ್ಕ.

ಆಮೇಲೆ ಆ ಬಾಗಿಲು. ಯಜಮಾನರು ವಿವರಿಸಿದರು: ನೀರಿನ ಟಾಕಿ ಮೇಲೆ, ಹೊಲಸಿನ ಟಾಕಿ ಗಾಡಿಯ ಹೊಟ್ಟೆಯಲ್ಲಿ, ತುಂಬಿದಾಗ ಕೆಳಗಿನ ನಲ್ಲಿ ತಿರುಗಿಸಿ ಪೈಪಿನಿಂದ ಗುಂಡಿಗೆ ಬಿಡಬೇಕು. ಮಾಮ ಬಕೀಟುಗಟ್ಟಲೆ ನೀರು ಸುರಿದು ಟಾಕಿ ಸೋರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ. ಅವ್ವ ಸೆರಗು ಬಾಯಿಗೆ ಹಿಡಿದು ಎಲ್ಲ ಕೇಳಿಸಿಕೊಂಡು ನಿಂತಿದ್ದವಳು ಕೊನೆಗೆ ಕೇಳಿದಳು, “ಅದನ್ನ ಚೆಲ್ಲೋರು ಯಾರು?”

ನಮ್ಮ ಮಂದಿಯಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಎಷ್ಟೋ ಮನೆಗಳಲ್ಲಿ ಈ ಕೆಲಸಕ್ಕೆ ಯಾರನ್ನು ಕರೆಯುತ್ತಾರೆ, ಅವರನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಯಜಮಾನರು, “ಇಷ್ಟು ವರ್ಷ ನಾನೇ ಮಾಡಿದ್ದೇನೆ,” ಎಂದರು. ಮಾಮ ಕೈ ಒರೆಸಿಕೊಳ್ಳುತ್ತಾ, “ನಾ ಮಾಡ್ತೇನಿ ತಗೊ ಅಕ್ಕಾ,” ಎಂದ, ಬುತ್ತಿ ಡಬ್ಬಿ ತೊಳೆಯುತ್ತೇನೆ ಎನ್ನುವಷ್ಟು ಸಲೀಸಾಗಿ. ನನಗೆ ಆ ಕ್ಷಣ ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಯಜಮಾನರು ಇಲ್ಲದಿದ್ದರೆ ಅಲ್ಲೇ ಅಪ್ಪಿಕೊಂಡುಬಿಡುತ್ತಿದ್ದೆ.

ಇಂಜಿನ್ನಿನ ಸರದಿ ಬಂತು. ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಎದ್ದಿತು. ಸ್ವಲ್ಪ ಕಪ್ಪು ಹೊಗೆ ಬಂತು, ಆಮೇಲೆ ಹೊಗೆಯೇ ಇಲ್ಲ. ಮಾಮ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕೇಳಿದ. ಅವನ ಮುಖ ನೋಡಿಯೇ ನನಗೆ ಗೊತ್ತಾಯಿತು. ಇಂಜಿನ್ ಬಂದ್ ಮಾಡಿ, ಒಂದು ಸುತ್ತು ಓಡಿಸಿ ನೋಡೋಣ ಎಂದು ಗಾಲಿಗಳಿಗೆ ಅಡ್ಡ ಇಟ್ಟಿದ್ದ ಕಲ್ಲುಗಳನ್ನು ತೆಗೆದುಹಾಕಿದ.

“ನಿಂದ್ರೋ ತಮ್ಮಾ,” ಎಂದಳು ಅವ್ವ. “ನಿಂಬಿಹಣ್ಣ ಇಡದ ಗಾಲಿ ಉರುಳಸ್ತೀಯೇನು?”

ಬೇಡ ಎನ್ನಲು ಮಾಮ ಬಾಯಿ ತೆರೆಯುವಷ್ಟರಲ್ಲಿ ಚೀಲ ಬಿಚ್ಚಿಯಾಗಿತ್ತು. ಅರಿಸಿನ, ಕುಂಕುಮ, ಊದಿನಕಡ್ಡಿ, ಕರ್ಪೂರ, ನಾಲ್ಕೂ ಗಾಲಿಗಳ ಮುಂದೆ ನಿಂಬೆಹಣ್ಣು. ನನಗೂ ಹುಮ್ಮಸ್ಸು ತಡೆಯಲಿಲ್ಲ, ಅಂಗಳದ ದಾಸವಾಳ ಕಿತ್ತು ಕನ್ನಡಿಗೆ ಸಿಕ್ಕಿಸಿದೆ. ಅವ್ವ ಆರತಿ ಎತ್ತಿದಳು, ಕಾಯಿ ಒಡೆದಳು. ಯಜಮಾನರು ಕೈ ಮುಗಿದು ನಿಂತಿದ್ದರು, ಮಂಜುಗಣ್ಣಿನಲ್ಲಿ ನೀರು. ಆರತಿ ತೆಗೆದುಕೊಂಡವರೇ ಮಾಮನ ಎರಡೂ ಕೈ ಹಿಡಿದು, “ಒಳ್ಳೆಯದಾಯಿತು. ಲಕ್ಷ್ಮಿ ಒಳ್ಳೆಯ ಮನೆಗೆ ಹೊರಟಳು. ಇನ್ನೇನು ಮಾತು,” ಎಂದುಬಿಟ್ಟರು.

ಆಗ ನಮಗೆ ಹೊಳೆಯಿತು. ರೇಟಿನ ಮಾತೇ ಆಡಿಲ್ಲ, ಓಡಿಸಿ ನೋಡಿಲ್ಲ, ಕೊಂಡೇ ಇಲ್ಲದ ಗಾಡಿಗೆ ಪೂಜೆ ಮಾಡಿ ಮುಗಿಸಿದ್ದೆವು. ಇನ್ನು ಯಾವ ಬಾಯಲ್ಲಿ ಚೌಕಾಶಿ ಮಾಡುವುದು? ನನ್ನ ಬಾಯಿಗೆ ಬೀಗ ಹಾಕಿಸಿದ್ದ ಮಾಮ ಅಕ್ಕನ ಚೀಲಕ್ಕೆ ಬೀಗ ಹಾಕುವುದನ್ನು ಮರೆತಿದ್ದ.

ಅವನು ಏನೋ ಹೇಳಲು ತೊದಲುತ್ತಿದ್ದಾಗಲೇ ಸದ್ದು ಬಂತು. ಪಚಕ್.

ಮುಂದಿನ ಎಡಗಾಲಿಯ ಕೆಳಗಿನ ನಿಂಬೆಹಣ್ಣು ರಸ ಕಾರಿತ್ತು. ಒಳಗೆ ಯಾರೂ ಇಲ್ಲ, ಇಂಜಿನ್ ಬಂದಾಗಿದೆ, ಗಾಡಿ ಅಂಗಳದ ಇಳಿಜಾರಿನಲ್ಲಿ ತಾನಾಗಿಯೇ ಹೊರಟಿತ್ತು. ಪಚಕ್, ಪಚಕ್. “ಯವ್ವಾ!” ಎಂದು ಚೀರಿ ನಾನು ಅವ್ವನನ್ನು ಬದಿಗೆ ಎಳೆದೆ. ಮಾಮ ಹಾರಿ ಬಾಗಿಲಿಗೆ ಜೋತುಬಿದ್ದು ಒಳಗೆ ನುಗ್ಗಿ ಕಾಲಿನ ಬ್ರೇಕು ಒತ್ತಿದ. ಗಾಡಿ ಗಕ್ಕನೆ ನಿಂತಿತು. ಹ್ಯಾಂಡ್‌ಬ್ರೇಕ್ ಮಾತ್ರ ಎಳೆದಂತೆಯೇ ಇತ್ತು.

ಯಾರಿಗೂ ಏನೂ ಆಗಲಿಲ್ಲ. ಅವ್ವ ಎದೆ ನೀವಿಕೊಂಡು, ಜಜ್ಜಿದ ನಿಂಬೆಹಣ್ಣುಗಳನ್ನು ನೋಡಿ, “ಕಂಡ್ಯಾ? ಆರತಿ ಆರೋ ತನಕಾನೂ ತಡೀಲಿಲ್ಲ. ನಮ್ಮ ಜೋಡಿ ಬರಾಕ ಎಷ್ಟ್ ಅವಸರ ಐತಿ ಇದಕ್ಕ!” ಎಂದಳು. ನಾನು ಹೆದರಿಕೆಯಲ್ಲೂ ಬಿದ್ದು ಬಿದ್ದು ನಕ್ಕೆ.

ಮಾಮ ನಗಲಿಲ್ಲ. ನನ್ನಿಂದ ಗಾಲಿಗಳಿಗೆ ಮತ್ತೆ ಕಲ್ಲು ಇಡಿಸಿ, ಕೆಳಗಿಳಿದು, ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದ. “ಬ್ಯಾಡ. ನಡೀರಿ.”

ಯಜಮಾನರಿಗೆ ಭೂಮಿಗಿಳಿದಷ್ಟು ನಾಚಿಕೆ. ಯಾವಾಗಲೂ ಕಲ್ಲು ಇಟ್ಟೇ ನಿಲ್ಲಿಸುತ್ತಿದ್ದೆ, ಕೈಬ್ರೇಕು ಹಿಡಿಯುತ್ತಿಲ್ಲ ಎಂದು ನನಗೇ ಗೊತ್ತಿರಲಿಲ್ಲ ಎಂದು ದೇವರ ಆಣೆ ಹಾಕಿದರು. ನನಗೆ ಮಾತ್ರ ರಕ್ತ ತಲೆಗೇರಿತು. ಛತ್ತು ಸೋರಲಿಲ್ಲ, ಟಾಕಿ ಸೋರಲಿಲ್ಲ, ಇಂಜಿನ್ ಚಲೋ ಇದೆ, ಒಂದು ಬ್ರೇಕಿಗೆ ಎಲ್ಲ ಬಿಟ್ಟು ಹೋಗುವುದೇ?

“ಸೀಸನ್ ಶುರು ಆತು, ಇಂಥಾದ್ದು ಇನ್ನೊಂದು ಎಲ್ಲಿ ಹುಡುಕ್ತೀ ನೀ? ಅವ್ವಗ ಮತ್ತ ಜ್ವರ ಬರೂತನಕ ಕಾಯ್ತೀ?”

“ಅಜ್ಜಿ ಹಿತ್ತಲಾನೂ ಇಳಿಜಾರಽ ಐತಿ,” ಎಂದ ಮಾಮ, ದನಿ ಏರಿಸದೆ. “ಇದರೊಳಗ ಅಕ್ಕ ಇರ್ತಾಳ. ಮುಂದ ಹುಡುಗ್ರು ಆಡ್ತಿರ್ತಾವ.”

ಅವನು ಹೇಳಿದ್ದು ಸರಿ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಲೆ ತಗ್ಗಿಸಿ ಚೀಲದ ದಾರ ಕಟ್ಟುತ್ತಲೇ ಇದ್ದ. ನನಗೆ ಅಳು ಒತ್ತಿಕೊಂಡು ಬಂತು.

ಅಷ್ಟರಲ್ಲಿ ಗಾಡಿಯ ಒಳಗಿನಿಂದ ಕೇಳಿಸಿತು. ಟಕ್.

ತಿರುಗಿ ನೋಡಿದರೆ ಅವ್ವ ಇಲ್ಲ. ನಾವು ಜಗಳಾಡುತ್ತಿದ್ದಾಗ ಬಾಗಿಲ ಸರಳು ಹಿಡಿದುಕೊಂಡು ತಾನೇ ಹತ್ತಿ ಒಳಗೆ ಹೋಗಿದ್ದಳು. ಬಹಳ ಹೊತ್ತು ಏನೂ ಸದ್ದಿಲ್ಲ. ಕೊನೆಗೆ ಚಿಲಕ ತೆರೆದು, ಗಾಡಿಯ ಬಾಗಿಲಿಗೆ ಬಂದು ನಿಂತು, ಸೋತ ಮುಖದಲ್ಲಿ ನನಗೆ ಮಾತ್ರ ಕೇಳಿಸುವಂತೆ ಹೇಳಿದಳು, “ಬರವಲ್ದು.”

ಬರುವುದಾದರೂ ಎಲ್ಲಿಂದ? ಬೆಳಗ್ಗೆಯಿಂದ ಅವಳು ಒಂದು ಗುಟುಕು ನೀರು ಕುಡಿದಿರಲಿಲ್ಲ. ನಾನೂ ಕುಡಿದಿರಲಿಲ್ಲ. ಹೊರಗೆ ಹೊರಟಿದ್ದೇವೆ ಎಂದು ಮೈ ತಾನಾಗಿಯೇ ಬಾಯಿ ಕಟ್ಟಿಕೊಂಡಿತ್ತು. ಸಂಡಾಸು ಪರೀಕ್ಷೆ ಮಾಡಲು ಅಷ್ಟು ದೂರ ಬಂದವರು, ಇಬ್ಬರೂ ಒಣಗಿದ ಗಂಟಲಲ್ಲೇ ಬಂದಿದ್ದೆವು.

ಅವ್ವ ಯಜಮಾನರ ಕಡೆ ತಿರುಗಿದಳು. “ಅಣ್ಣಾರ, ಒಂದು ತಂಬಿಗಿ ನೀರ ಕೊಡ್ತೀರೇನ್ರಿ?”

ಅವರು ತಾಮ್ರದ ತಂಬಿಗೆ ತುಂಬ ಬಾವಿಯ ನೀರು ತಂದುಕೊಟ್ಟರು. ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕತ್ತೆತ್ತಿ, ಗಟಗಟ ಎಂದು, ತಂಬಿಗೆ ಬರಿದಾಗುವ ತನಕ ಕುಡಿದಳು. ಪರವೂರಿನಲ್ಲಿ, ನಡುಹಗಲಿನಲ್ಲಿ ಅವ್ವ ಹಾಗೆ ನೀರು ಕುಡಿದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮಾಮನೂ ಚೀಲದ ದಾರ ಬಿಟ್ಟು ನೋಡುತ್ತಾ ನಿಂತ.

ಅವ್ವ ಬಾಯಿ ಒರೆಸಿಕೊಂಡು ಗಾಡಿಯ ಬಾಗಿಲಲ್ಲೇ ಕೂತಳು. “ತಮ್ಮಾ, ನಾ ಇಲ್ಲಿ ಕುಂತಿರ್ತೇನಿ. ಅಷ್ಟರಾಗ ನೀ ಬ್ರೇಕ್ ಬಿಚ್ಚಿ ನೋಡು. ಕೆಟ್ಟಿತ್ತಂದ್ರ ಬ್ಯಾಡ ಅನ್ನು, ನಾ ಎದ್ದ ಬರ್ತೇನಿ. ಆದ್ರ ನೋಡದಽ ಬ್ಯಾಡ ಅನಬ್ಯಾಡ.”

ಅಕ್ಕನ ಮಾತಿಗೆ ಮಾಮ ಎಂದೂ ಎದುರಾಡಿದವನಲ್ಲ. ಜಾಕು ಹಚ್ಚಿ, ಹಿಂದಿನ ಗಾಲಿ ಬಿಚ್ಚಿದ. ನಾನು ಬೋಲ್ಟು ಬಿಚ್ಚುವ ಪಾನಾ ಕೊಡುತ್ತಾ, ಬಿಚ್ಚಿದ ಬೋಲ್ಟು ಕಳೆದುಹೋಗದಂತೆ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾ ಪಕ್ಕದಲ್ಲಿ ಕೂತೆ. ನನ್ನ ಸಿಟ್ಟು ಇಳಿದಿತ್ತು, ಈಗ ಬರೀ ತಳಮಳ. ಒಳಗಿನ ಡ್ರಮ್ಮು, ಲೈನರು ಎಲ್ಲ ಗಟ್ಟಿಯಾಗಿದ್ದವು. ಕೈಬ್ರೇಕಿನ ಕೇಬಲ್ಲು ಮಾತ್ರ ನಿಂತು ನಿಂತು ತುಕ್ಕು ಹಿಡಿದು ಸಡಿಲಾಗಿತ್ತು. “ಇಷ್ಟಽ?” ಎಂದೆ. “ಇಷ್ಟಽ,” ಎಂದ. ಸದ್ಯಕ್ಕೆ ಎಳೆದು ಬಿಗಿ ಮಾಡುತ್ತೇನೆ, ಮನೆಗೆ ಒಯ್ದ ಮೇಲೆ ಹೊಸ ಕೇಬಲ್ ಹಾಕಬೇಕು ಎಂದ. ಒಯ್ದ ಮೇಲೆ ಎಂದು ಅವನ ಬಾಯಿಂದಲೇ ಬಂದದ್ದನ್ನು ನಾನು ಕೇಳಿಸಿಕೊಂಡೆ, ತುಟಿ ಕಚ್ಚಿ ಸುಮ್ಮನಿದ್ದೆ.

ಬಿಗಿ ಮಾಡಿ ಗಾಲಿ ಹಾಕಿದ ಮೇಲೆ, ಅವ್ವನನ್ನು ಇಳಿಸಿ, ಗಾಡಿಯನ್ನು ಗೇಟಿನ ಬಳಿಯ ಇಳಿಜಾರಿಗೆ ಒಯ್ದು, ಕೈಬ್ರೇಕು ಎಳೆದು, ಇಂಜಿನ್ ಬಂದ್ ಮಾಡಿ ಇಳಿದ. ಜಜ್ಜದೆ ಉಳಿದಿದ್ದ ಒಂದು ನಿಂಬೆಹಣ್ಣನ್ನು ಅವ್ವ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಮುಂದಿನ ಗಾಲಿಗೆ ತಾಗಿಸಿ ಇಟ್ಟು ದೂರ ಸರಿದೆ. ನಾಲ್ವರೂ ಒಂದು ನಿಂಬೆಹಣ್ಣನ್ನೇ ದಿಟ್ಟಿಸುತ್ತಾ ನಿಂತೆವು. ಯಜಮಾನರು ಕನ್ನಡಕ ಒರೆಸಿ ಒರೆಸಿ ಹಾಕಿಕೊಂಡರು. ಮಾಮ ಹಿಂದಿನಿಂದ ಹೆಗಲು ಕೊಟ್ಟು ನೂಕಿದ. ಹಣ್ಣು ಹಳದಿಯಾಗಿ, ದುಂಡಗೆ, ಇಟ್ಟಲ್ಲೇ ಇತ್ತು.

“ಈಗ ಬಂತು ನೋಡು,” ಎಂದಳು ಅವ್ವ.

ಬ್ರೇಕಿನ ಬಗ್ಗೆ ಹೇಳುತ್ತಿದ್ದಾಳೆ ಅಂದುಕೊಂಡೆ. ಅವಳು ಸೀರೆ ಎತ್ತಿಕಟ್ಟಿ, ಸರಳು ಹಿಡಿದು, ಸರಸರ ಗಾಡಿ ಹತ್ತುತ್ತಿದ್ದಳು. ಟಕ್. ಈ ಸಲ ಸ್ವಲ್ಪ ಹೊತ್ತಿಗೆ ನೀರು ಹರಿದ ಸದ್ದು ಬಂತು. ಯಜಮಾನರು ಮರ್ಯಾದೆಯಿಂದ ಬೇರೆ ಕಡೆ ತಿರುಗಿ ತೆಂಗಿನ ಮರ ನೋಡುತ್ತಿದ್ದರು. ಅವ್ವ ಒದ್ದೆ ಕೈ ಸೆರಗಿಗೆ ಒರೆಸುತ್ತಾ ಹೊರಗೆ ಬಂದಳು. ಅವಳ ಮುಖದಲ್ಲಿ ಒಂದು ನಿರಾಳ ಇತ್ತು. ಬೀಚಿನಿಂದ ಮನೆಗೆ ಬಂದ ಮೇಲೆ, ಸಂಜೆ ಮಾತ್ರ ನಾನು ನೋಡುತ್ತಿದ್ದ ಮುಖ ಅದು.

“ಒಳಗಿನ ಚಿಲಕ ಗಟ್ಟಿ ಐತಿ,” ಎಂದಳು. “ತಗೋ ತಮ್ಮಾ.”

ರೇಟಿನ ಮಾತು ನಾವು ಎತ್ತಲಿಲ್ಲ, ಎತ್ತುವ ಮುಖವೂ ಇರಲಿಲ್ಲ. ಯಜಮಾನರೇ ಟಾಯರು, ಕೇಬಲ್ಲು, ಮೆತ್ತಗಾದ ಹಲಗೆ ಎಂದು ಹೇಳಿ ತಾವಾಗಿ ಇಳಿಸಿದರು. ಪರದೆ ಬಿಚ್ಚಿಕೊಳ್ಳುತ್ತೀರಾ ಎಂದು ಕೇಳಿದೆ. ಬೇಡ, ಗಾಡಿಯಲ್ಲೇ ಇರಲಿ ಎಂದರು. ಕಾಗದಪತ್ರ ಎಲ್ಲ ಆಗಿ ಗಾಡಿ ಕೈಗೆ ಬಂದ ದಿನ ಝುವಾರಿನಗರದ ನಮ್ಮ ಓಣಿಯಲ್ಲಿ ಅದು ಹಿಡಿಯಲಿಲ್ಲ. ರಸ್ತೆಯಲ್ಲೇ ನಿಲ್ಲಿಸಿದೆವು, ಓಣಿಯ ಹೆಂಗಸರೆಲ್ಲ ಸಾಲಾಗಿ ಹತ್ತಿ ಇಳಿದರು. ನಾನು ಗೈಡಿನಂತೆ ಮುಂದೆ ನಿಂತು, ಇದು ಒಲೆ, ಇದು ಮಂಚ, ಇದು ಆ ಬಾಗಿಲು ಎಂದು ದನಿ ಬೀಳುವ ತನಕ ಹೇಳಿದೆ.

ಈಗ ಗಾಡಿ ಆ ತೆಂಗಿನ ಹಿತ್ತಲಲ್ಲಿ, ಗಾಲಿಗೆ ಕಲ್ಲೂ ಇಟ್ಟುಕೊಂಡು ನಿಂತಿದೆ. ಹೊಸ ಕೇಬಲ್ ಹಾಕಿದ್ದರೂ ಮಾಮ ಕಲ್ಲು ಬಿಡುವುದಿಲ್ಲ. ಅವ್ವನಿಗೆ ಹೊಸ ಮೆಟ್ಟಿಲು ಬಂದಿದೆ. ಅವಳು ಅದರ ಮೇಲೆ ಕೂತು ಮಾಲು ಹರಡಿಕೊಂಡು ವ್ಯಾಪಾರ ಮಾಡುತ್ತಾಳೆ, ಪಕ್ಕದಲ್ಲಿ ದೊಡ್ಡ ಹಂಡೆ, ಅದರ ತುಂಬ ಕುಡಿಯುವ ನೀರು.

ಶುರುವಿನಲ್ಲಿ ಬೇರೆ ಹೆಂಗಸರು ನಾಚುತ್ತಿದ್ದರು. ಒಬ್ಬಳು ಬಂದಳು, ಅವಳ ಹಿಂದೆ ಇನ್ನೊಬ್ಬಳು. ಈಗ ಮರಳಿನಲ್ಲಿ ಗಂಟು ಹೊತ್ತು ತಿರುಗುವ ನಮ್ಮ ಕಡೆಯವರೆಲ್ಲ ಬಿಸಿಲೇರಿದ ಹಾಗೆ ಹಿತ್ತಲಿಗೆ ಬರುತ್ತಾರೆ, ಗಂಟುಗಳನ್ನು ಅವ್ವನ ಮುಂದೆ ಇಟ್ಟು ಹತ್ತುತ್ತಾರೆ. ಅವರು ಬರುವಾಗಲೂ ಹೋಗುವಾಗಲೂ ಅವ್ವ ತಂಬಿಗೆ ಹಿಡಿದು ದಾರಿಗೆ ಅಡ್ಡ ಕೂರುತ್ತಾಳೆ.

“ಕುಡೀರೇ, ಹೊಟ್ಟಿ ತುಂಬ ಕುಡೀರಿ. ಹೆದರಬ್ಯಾಡ್ರಿ, ಜಾಗಾ ಐತಿ.”

ಒಂದು ಮಧ್ಯಾಹ್ನ ನಾನು ಚೀಲಗಳನ್ನು ತೂಗುಹಾಕುತ್ತಿದ್ದೆ. ಒಳಗೆ ಯಾರೋ ಚಿಲಕ ಹಾಕಿದ ಸದ್ದು ಕೇಳಿಸಿತು. ಅವ್ವ ತಂಬಿಗೆ ತುಂಬಿ ನನ್ನ ಕಡೆ ಚಾಚಿದಳು.

“ನಿನಗ ಬ್ಯಾರೆ ಹೇಳ್ಬೇಕೇನು?”

ಖರೇ ಹೇಳುತ್ತೇನೆ, ಗಾಡಿಗಾಗಿ ಅಷ್ಟೆಲ್ಲ ಕುಣಿದವಳು ನಾನೇ ಇನ್ನೂ ಬೀಚಿನಲ್ಲಿ ಒಂದು ಗುಟುಕೂ ಕುಡಿದಿರಲಿಲ್ಲ. ತಂಬಿಗೆ ತೆಗೆದುಕೊಂಡು, ಸಮುದ್ರದ ಕಡೆ ಮುಖ ಮಾಡಿ ನಿಂತು, ಅಷ್ಟೂ ನೀರು ಕುಡಿದೆ.